ಮಕ್ಕಳ ಸಿಡುಕು, ಹಿರಿಯರ ಸಹನೆ



ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆಂದು ಎದ್ದಾಗ ಒಬ್ಬ ತಾಯಿ ಹಿಂದೆ ಉಳಿದರು. ನಮಸ್ಕಾರ ಮಾಡಿ ಎದ್ದು ನಿಂತವರು ಏನನ್ನೋ ಹೇಳಲು ಬಾಯಿ ತೆರೆದು ಮತ್ತೆ ಸುಮ್ಮನಾದರು. "ಏನು ತಾಯಿ?" ಎಂದು ನಾವೇ ಕೇಳಿದೆವು. "ಅಜ್ಜಾರ, ನನ್ನ ಮಗಾ ಆರನೇ ಇಯತ್ತೆ ಅದಾನ್ರಿ. ಅಭ್ಯಾಸಕ್ಕ ಕುಂತಾಗ ಒಂದು ತಪ್ಪಾತಂದ್ರ ಸಾಕು, ಪುಸ್ತಕ ಒಗೀತಾನ, ಪೆನ್ನ ಮುರೀತಾನ, ನನ್ನ ಮ್ಯಾಲೆ ಹರಿಹಾಯ್ತಾನ. ಮೊದಲ ಹಿಂಗ ಇದ್ದಿಲ್ರಿ. ಏನರ ಒಂದು ತಾಯತ ಮಂತ್ರಿಸಿ ಕೊಡ್ರಿ" ಎಂದರು.

ನಾವು ತಾಯತ ಕೊಡಲಿಲ್ಲ. "ಮುಂದಿನ ಹುಣ್ಣಿಮೆಗೆ ಬನ್ನಿರಿ, ಇದೇ ವಿಷಯ ಮಾತಾಡುತ್ತೇವೆ" ಎಂದು ಹೇಳಿ ಕಳುಹಿಸಿದೆವು. ಆ ತಾಯಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಮಠಕ್ಕೆ ಬಂದವರು ಬರಿಗೈಯಲ್ಲಿ ಹೋಗುವುದು ನಮಗೂ ಸರಿ ಅನಿಸುವುದಿಲ್ಲ. ಆದರೆ ಈ ವಿಷಯದಲ್ಲಿ ನಾವೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇವೆ. ಅದನ್ನು ಹೇಳದೆ ಬೇರೆಯವರಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ. ಆದ್ದರಿಂದ ಇಂದು ಶಾಸ್ತ್ರದ ಮಾತು ಸ್ವಲ್ಪ ಕಡಿಮೆ, ನಮ್ಮ ಪ್ರಸಾದನಿಲಯದ ಮಾತು ಸ್ವಲ್ಪ ಹೆಚ್ಚು.

ಮೊದಲು ಈ ಸ್ಥಿತಿಗೆ ಹೆಸರೇನು ಎಂಬುದನ್ನು ನೋಡೋಣ. ಸಿಟ್ಟು ಎನ್ನೋಣವೆಂದರೆ ಪೂರ್ತಿ ಸಿಟ್ಟಲ್ಲ. ಯಾರೋ ಬೈದಾಗ, ಹೊಡೆದಾಗ ಸಿಟ್ಟು ಬರುತ್ತದೆ. ಅದಕ್ಕೆ ಎದುರಿಗೊಬ್ಬ ಆಳು ಇರುತ್ತಾನೆ. ಇಲ್ಲಿ ಹುಡುಗನ ಎದುರಿಗೆ ಯಾರೂ ಇಲ್ಲ. ಒಂದು ಲೆಕ್ಕ ಇದೆ, ಅದನ್ನು ಬಿಡಿಸಲು ಬರುತ್ತಿಲ್ಲ. ನಿರಾಶೆ ಎನ್ನೋಣವೆಂದರೆ ಅದೂ ಹೊಂದುವುದಿಲ್ಲ, ಏಕೆಂದರೆ ಅವನ ಆಸೆ ಇನ್ನೂ ಹೋಗಿಲ್ಲ. ಈಗಿನ ಪುಸ್ತಕಗಳಲ್ಲಿ ಹತಾಶೆ ಎಂದು ಬರೆಯುತ್ತಾರೆ. ಸಂಸ್ಕೃತದ ಹನ್ ಧಾತುವಿಗೆ ಕೊಲ್ಲುವುದು ಎಂಬ ಅರ್ಥವೂ ಇದೆ, ಹೊಡೆಯುವುದು ಎಂಬ ಅರ್ಥವೂ ಇದೆ. ಮಕ್ಕಳ ಮಟ್ಟಿಗೆ ನಾವು ಎರಡನೆಯ ಅರ್ಥವನ್ನೇ ಹಿಡಿಯಬೇಕು. ಅವರ ಆಸೆ ಸತ್ತಿಲ್ಲ, ಪೆಟ್ಟು ತಿಂದಿದೆ. ನಮ್ಮ ಕಡೆಯ ತಾಯಂದಿರು ಇದನ್ನು ಸಿಡುಕು ಅನ್ನುತ್ತಾರೆ. ಆ ಮಾತೇ ಚೆನ್ನಾಗಿದೆ. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಕ್ಷಣದಲ್ಲಿ ಸಿಡಿಯುವುದು.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಕ್ರೋಧದ ವಂಶಾವಳಿಯನ್ನು ಹೇಳಿದೆ. ಕಾಮದಿಂದ, ಅಂದರೆ ಬೇಕೆಂಬ ಇಚ್ಛೆಯಿಂದ ಕ್ರೋಧ ಹುಟ್ಟುತ್ತದೆ. ಕ್ರೋಧದಿಂದ ಸಮ್ಮೋಹ, ಅದರಿಂದ ಸ್ಮೃತಿಭ್ರಂಶ, ಅದರಿಂದ ಬುದ್ಧಿನಾಶ. ಪಂಡಿತರು ಇದನ್ನು ಸಾಧಕರ ಎಚ್ಚರಿಕೆಗೆಂದು ವ್ಯಾಖ್ಯಾನಿಸುತ್ತಾರೆ. ಅದು ಸರಿಯೇ. ಆದರೆ ಅಭ್ಯಾಸಕ್ಕೆ ಕೂತ ಹುಡುಗನ ಕಡೆಯಿಂದ ಇದನ್ನು ನೋಡಿರಿ. ಬೇಕೆಂಬುದು ಇದ್ದುದರಿಂದಲೇ ಅವನಿಗೆ ಸಿಟ್ಟು ಬಂತು. ಲೆಕ್ಕ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ ಎಂಬ ಹುಡುಗ ಪುಸ್ತಕ ಎಸೆಯುವುದಿಲ್ಲ. ಅವನು ಪುಸ್ತಕ ಮುಚ್ಚಿಟ್ಟು ಗೋಲಿ ಆಡಲು ಹೋಗುತ್ತಾನೆ. ಸಿಟ್ಟು ನೆತ್ತಿಗೇರಿದ ಮೇಲೆ ನಿನ್ನೆ ಬಂದ ಮಗ್ಗಿಯೂ ಇಂದು ನೆನಪಾಗುವುದಿಲ್ಲ. ಸ್ಮೃತಿಭ್ರಂಶ ಎಂದರೆ ಇದೇ. ಆ ಹೊತ್ತಿಗೆ ತಾಯಿ ಬಂದು "ನಿನ್ನೆ ಬಂದಿತ್ತಲ್ಲ, ಇಂದೇನಾತು?" ಎಂದು ಗದರಿಸಿದರೆ ಏನು ಉಪಯೋಗ?

ಇನ್ನು ವಯಸ್ಸಿನ ಮಾತು. ಹನ್ನೊಂದರಿಂದ ಹದಿನಾಲ್ಕರ ನಡುವೆ ದೇಹ ಬದಲಾಗುತ್ತದೆ, ದನಿ ಒಡೆಯುತ್ತದೆ, ಗೆಳೆಯರು ಏನೆಂದಾರು ಎಂಬುದು ತಾಯಿ ಏನೆಂದಾಳು ಎಂಬುದಕ್ಕಿಂತ ದೊಡ್ಡದಾಗುತ್ತದೆ. ಹಣೆಯ ಹಿಂದಿರುವ ಮೆದುಳಿನ ಭಾಗ, ಅಂದರೆ ತಡೆದು ವಿಚಾರ ಮಾಡಿಸುವ ಭಾಗ, ಇಪ್ಪತ್ತೈದರ ಸುಮಾರಿನ ತನಕ ಬಲಿಯುತ್ತಲೇ ಇರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಇದೇ ಹೊತ್ತಿಗೆ ಸಾಲೆಯ ಅಭ್ಯಾಸವೂ ಒಮ್ಮೆಲೇ ಭಾರವಾಗುತ್ತದೆ. ಬೀಜಗಣಿತ ಬರುತ್ತದೆ, ಮೂರನೆಯ ಭಾಷೆ ಬರುತ್ತದೆ. ನಮ್ಮ ಬೆಳಗಾವಿ, ಖಾನಾಪುರದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಾಲೆಯಲ್ಲಿ ಇಂಗ್ಲೀಷು. ಕೆಲವು ಕಡೆ ಕೊಂಕಣಿ ಬೇರೆ. ಹೆಚ್ಚು ಭಾಷೆ ಬರುವುದು ಭಾಗ್ಯವೇ. ಆದರೆ ಇನ್ನೂ ಪೂರ್ತಿ ಬಾರದ ಭಾಷೆಯಲ್ಲಿ "ನನಗೆ ಇಷ್ಟು ತಿಳಿದಿದೆ, ಇಲ್ಲಿಂದ ಮುಂದೆ ತಿಳಿದಿಲ್ಲ" ಎಂದು ಹೇಳುವುದು ಬಹಳ ಕಷ್ಟ. ದೊಡ್ಡವರಾದ ನಮಗೇ ಕಷ್ಟ. ಮಾತು ಸಿಗದೆ ಹೋದಾಗ ಹುಡುಗನ ಕೈ ಮಾತಾಡುತ್ತದೆ.

ನಾವು ಹೇಳಬೇಕೆಂದ ಹುಡುಗ ಅಂಥವನೇ. ಖಾನಾಪುರ ತಾಲೂಕಿನ ಒಂದು ಸಣ್ಣ ಹಳ್ಳಿಯವನು. ಮನೆಮಾತು ಮರಾಠಿ, ಐದನೆಯ ಇಯತ್ತೆಯ ತನಕ ಕಲಿತದ್ದೂ ಮರಾಠಿಯಲ್ಲಿ. ತಂದೆ ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವವರು. ಮಗ ದೊಡ್ಡ ಊರಿನಲ್ಲಿ ಕಲಿಯಲೆಂದು ಬೆಳಗಾವಿಗೆ ತಂದು ನಮ್ಮ ಪ್ರಸಾದನಿಲಯದಲ್ಲಿ ಬಿಟ್ಟರು. ಹುಡುಗ ಚುರುಕು. ಒಂದೂವರೆ ವರ್ಷದಲ್ಲಿ ಕನ್ನಡ ಕಲಿತು, ಏಳನೆಯ ಇಯತ್ತೆಯಲ್ಲಿದ್ದಾಗ ವಚನ ಕಂಠಪಾಠದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದ. ಅವನು ಹೇಳಿದ ವಚನಗಳಲ್ಲಿ ಮುನಿಸಿನ ಬಗ್ಗೆ ಬಸವಣ್ಣನವರು ಹೇಳಿದ್ದೂ ಒಂದು. ನಿಮಗೆಲ್ಲ ಅದು ಬಾಯಿಪಾಠ ಇದೆ, ನಾವು ಮತ್ತೆ ಹೇಳಬೇಕಾಗಿಲ್ಲ.

ಬಹುಮಾನ ಬಂದು ಒಂದು ವಾರವಾಗಿರಲಿಲ್ಲ. ಸಂಜೆ ಅಭ್ಯಾಸದ ಹೊತ್ತಿನಲ್ಲಿ ಈ ಹುಡುಗ ಗಣಿತದ ನೋಟಬುಕ್ಕನ್ನು ಚರ್ರನೆ ಎರಡು ಹೋಳು ಮಾಡಿ ಹರಿದೊಗೆದ. ಬಿಡಿಸಲೆಂದು ಬಂದ ಬದಿಯ ಹುಡುಗನನ್ನು ನೂಕಿದ. ಆ ಹುಡುಗ ಬಿದ್ದು ಮೊಣಕಾಲು ಕೆತ್ತಿಸಿಕೊಂಡ. ಸುದ್ದಿ ನಮಗೆ ಮುಟ್ಟಿತು. ಪ್ರಾರ್ಥನೆಯ ವೇಳೆಗೆ ಎಂಬತ್ತು ಹುಡುಗರ ಎದುರು ಅವನನ್ನು ನಿಲ್ಲಿಸಿ ನಾವು ಹೇಳಿದೆವು: "ನೋಡಿರಿ, ಸಿಟ್ಟಿನ ವಚನ ಹೇಳಿ ಬಹುಮಾನ ತಂದವನು ಇವನೇ. ವಚನ ನಾಲಗೆಯ ಮೇಲೆ, ಸಿಟ್ಟು ಕೈಯಲ್ಲಿ." ಹುಡುಗರು ನಕ್ಕರು. ಹೇಳಿದ ಮಾತು ಚೆನ್ನಾಗಿ ಕೂತಿತು ಎಂದು ಆ ಕ್ಷಣದಲ್ಲಿ ನಮಗೂ ಅನಿಸಿತು. ಅದನ್ನು ಮುಚ್ಚಿಡುವುದಿಲ್ಲ. ಪ್ರವಚನ ಮಾಡುವವರಿಗೆ ಈ ರೋಗವೊಂದು ಇರುತ್ತದೆ, ಒಂದು ಒಳ್ಳೆಯ ಮಾತು ಸಿಕ್ಕಿತೆಂದರೆ ಅದು ಯಾರಿಗೆ ತಾಗುತ್ತದೆ ಎಂದು ನೋಡುವುದಿಲ್ಲ.

ರಾತ್ರಿ ಪ್ರಸಾದಕ್ಕೆ ಎಲೆ ಹಾಕುವಾಗ ಆ ಹುಡುಗ ಇರಲಿಲ್ಲ. ಕೋಣೆಯಲ್ಲಿ ಇಲ್ಲ, ಬಾವಿಯ ಕಡೆ ಇಲ್ಲ. ಬಾವಿ ಎಂದಾಗ ನಮ್ಮ ಎದೆ ಹೇಗಾಗಿರಬೇಕು, ಮಕ್ಕಳಿದ್ದವರು ನೀವೇ ತಿಳಿದುಕೊಳ್ಳಿರಿ. ಆಷಾಢದ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ನಾಲ್ಕು ಜನರನ್ನು ಬಸ್ ನಿಲ್ದಾಣಕ್ಕೆ, ಇಬ್ಬರನ್ನು ರೇಲ್ವೆ ನಿಲ್ದಾಣಕ್ಕೆ ಕಳುಹಿಸಿದೆವು. ಅವನ ಕಿಸೆಯಲ್ಲಿ ದುಡ್ಡಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಹುಡುಗ ನಡೆದೇ ಹೊರಟಿದ್ದ. ತಿಳಕವಾಡಿ, ಉದ್ಯಮಬಾಗ ದಾಟಿ ಪೀರನವಾಡಿಯ ತನಕ ಆ ಮಳೆಯಲ್ಲಿ ನಡೆದಿದ್ದಾನೆ. ಅಲ್ಲಿ ಜಾಂಬೋಟಿಯ ರಸ್ತೆ ಒಡೆಯುವ ಕಡೆ ಚಹಾ ಅಂಗಡಿಯವರೊಬ್ಬರು ಒದ್ದೆ ಅಂಗಿಯ ಹುಡುಗನನ್ನು ಕಂಡು ಒಳಗೆ ಕರೆದು, ಬಿಸಿ ಹಾಲು ಕೊಟ್ಟು, ಮಠದ ಹೆಸರು ಕೇಳಿ ಫೋನು ಮಾಡಿಸಿದರು. ಆ ಪುಣ್ಯಾತ್ಮರು ನಮ್ಮ ಭಕ್ತರೂ ಅಲ್ಲ, ನಮ್ಮ ಪಂಥದವರೂ ಅಲ್ಲ. ಅವರ ಋಣ ನಮ್ಮ ಮೇಲಿದೆ.

ರಾತ್ರಿ ಹತ್ತು ಗಂಟೆಗೆ ಹುಡುಗ ಮಠಕ್ಕೆ ಬಂದ. ತಲೆ ಒರೆಸಿ, ಉಣ್ಣಿಸಿ ಮಲಗಿಸಿದರು. ನಾವು ಒಂದು ಮಾತನ್ನೂ ಆಡಲಿಲ್ಲ. ಜಾಣತನದಿಂದ ಸುಮ್ಮನಿದ್ದೆವು ಎಂದು ತಿಳಿಯಬೇಡಿರಿ. ನಮಗೆ ಮಾತೇ ಹೊರಡಲಿಲ್ಲ. ಅವನೊಬ್ಬನೇ ಒಂದು ಮಾತು ಹೇಳಿದ. "ಅಜ್ಜಾರ, ನಾ ದಡ್ಡ ಅದೇನಿ. ನನ್ನ ಊರಿಗೆ ಕಳಸ್ರಿ."

ಆ ರಾತ್ರಿ ನಮಗೆ ನಮ್ಮ ಪಾಠಶಾಲೆಯ ಗುರುಗಳು ನೆನಪಾದರು. ನಾವೂ ಹನ್ನೊಂದು ಹನ್ನೆರಡು ವರ್ಷದವರಿದ್ದಾಗ ಲಘುಸಿದ್ಧಾಂತಕೌಮುದಿಯನ್ನು ಗೋಡೆಗೆ ಎಸೆದವರೇ. ಸಂಧಿಯ ಸೂತ್ರಗಳು ಒಂದಕ್ಕೊಂದು ಸಿಕ್ಕು ಬಿದ್ದಿದ್ದವು. ಒಂದು ಸೂತ್ರ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಗುರುಗಳು ಪುಸ್ತಕ ಎತ್ತಿಕೊಂಡು, ಧೂಳು ಜಾಡಿಸಿ, ಕಣ್ಣಿಗೆ ಒತ್ತಿಕೊಂಡು ಮಣೆಯ ಮೇಲಿಟ್ಟರು. ಬೈಯುತ್ತಾರೆಂದು ನಾವು ತಲೆ ತಗ್ಗಿಸಿ ಕೂತಿದ್ದೆವು. ಅವರು ಬದಿಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯತೊಡಗಿದರು. ಎಷ್ಟು ಹೊತ್ತು ಹೊಸೆದರೋ ಏನೋ, ಒಂದು ಪುಟ್ಟ ರಾಶಿಯೇ ಆಯಿತು. ಕೊನೆಗೆ ನಾವೇ ಕೈ ಚಾಚಿ ಪುಸ್ತಕ ತೆರೆದೆವು. ಆಗ ಅವರು ಹೇಳಿದ್ದು ಇಷ್ಟೇ: "ನಾನು ಕಾವ್ಯ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನು. ಎರಡನೆಯ ಸಲ ಪುಸ್ತಕ ಹೊಳೆಗೆ ಹಾಕಬೇಕೆಂದು ದಂಡೆಯ ತನಕ ಒಯ್ದಿದ್ದೆ." ಅಂಥ ವಿದ್ವಾಂಸರು ನಪಾಸಾಗಿದ್ದರು ಎಂಬುದನ್ನು ನಂಬುವುದೇ ನಮಗೆ ಕಷ್ಟವಾಯಿತು. ಅಂದು ಓದಿದ ಸೂತ್ರ ಯಾವುದೆಂದು ಮರೆತಿದೆ, ಆ ಮಾತು ಮರೆತಿಲ್ಲ. ಹೀಗೆ ಕಲಿಸಿದ ಗುರುಗಳ ಶಿಷ್ಯರು ನಾವು, ಎಂಬತ್ತು ಜನರ ಎದುರು ಒಂದು ಮಗುವನ್ನು ನಗೆಗೀಡು ಮಾಡಿದೆವು.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹುಡುಗನನ್ನು ಕರೆದೆವು. "ಹರಿದ ಪುಸ್ತಕ ತಾ" ಎಂದೆವು. ಅಂಜುತ್ತಲೇ ತಂದ. "ಇದರಲ್ಲಿ ನಿನಗೆ ಬಾರದ ಲೆಕ್ಕ ಯಾವುದು?" ತೋರಿಸಿದ. ಭಿನ್ನರಾಶಿಯ ಭಾಗಾಕಾರ: ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎಷ್ಟು? ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಬೇಕೆಂದು ಪುಸ್ತಕದಲ್ಲಿದೆ. ಉತ್ತರ ಎರಡು ಬರುತ್ತದೆ. "ಹಾಗೆ ಮಾಡಲು ನಿನಗೆ ಬರುವುದಿಲ್ಲವೇನು?" ಎಂದೆವು. ಹುಡುಗ ಹೇಳಿದ: "ಮಾಡಾಕ ಬರತೈತ್ರಿ. ಭಾಗಿಸಿದ್ರ ಕಡಿಮಿ ಆಗಬೇಕಲ್ರಿ? ಅರ್ಧಾ ಭಾಗಿಸಿದ್ರ ಎರಡ ಹ್ಯಾಂಗ ಆತು? ಹೆಚ್ಚ ಹ್ಯಾಂಗ ಆತು?"

ನೋಡಿರಿ ಬಂಧುಗಳೆ, ನಾವೆಲ್ಲ ಇವನಿಗೆ ಲೆಕ್ಕ ಬರುವುದಿಲ್ಲ ಎಂದು ತಿಳಿದಿದ್ದೆವು. ಅವನಿಗೆ ಲೆಕ್ಕ ಬರುತ್ತಿತ್ತು. ಅದು ಏಕೆ ಹಾಗೆ ಎಂಬುದು ತಿಳಿಯುತ್ತಿರಲಿಲ್ಲ. ಕೇಳಬೇಕೆಂದರೆ ಅಷ್ಟು ಕನ್ನಡ ಇನ್ನೂ ಒಗ್ಗಿರಲಿಲ್ಲ. ಒಂದೆರಡು ಸಲ ಕೇಳಿದ್ದಕ್ಕೆ "ಹೇಳಿದಷ್ಟು ಮಾಡು" ಎಂಬ ಉತ್ತರ ಬಂದಿತ್ತಂತೆ.

ನಾವು ವ್ಯಾಕರಣ, ಸಾಹಿತ್ಯ ಓದಿದವರು. ಗಣಿತ ನಮಗೆ ಅಷ್ಟಕ್ಕಷ್ಟೆ. ಅವನ ಪ್ರಶ್ನೆಗೆ ಉತ್ತರ ನಮಗೂ ಹೊಳೆಯಲಿಲ್ಲ. ಅರ್ಧ ತಾಸು ಇಬ್ಬರೂ ಆ ಪುಟವನ್ನೇ ನೋಡಿದೆವು. ಹೊರಗೆ ಭಕ್ತರು ಕಾಯುತ್ತಿದ್ದರು. ನಮ್ಮ ಕಿವಿ ಬಿಸಿಯಾಗತೊಡಗಿತು, ದನಿ ಏರತೊಡಗಿತು. ಅದು ನಮಗೇ ಗೊತ್ತಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆವು: "ಹುಡುಗಾ, ನಮಗೂ ಸಿಡುಕು ಬರಲಿಕ್ಕೆ ಹತ್ತಿದೆ. ಇದನ್ನು ಹೀಗೇ ಇಟ್ಟು ಸ್ವಲ್ಪ ತಿರುಗಾಡಿ ಬರೋಣ, ಆಮೇಲೆ ಮತ್ತೆ ಕೂಡ್ರೋಣ." ಹುಡುಗ ನಮ್ಮ ಮುಖ ನೋಡಿದ. ಸ್ವಾಮಿಗಳಿಗೂ ಹೀಗಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ತಿರುಗಾಡುತ್ತ ದಾಸೋಹದ ಮನೆಗೆ ಹೋದೆವು. ಜೋಳದ ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿಯನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ ಕಾಲು ಕಾಲು ಮಾಡಿ ಇಡುತ್ತಿದ್ದರು. ನಮ್ಮ ಕಡೆ ಅದಕ್ಕೆ ಚತಕೋರು ಅನ್ನುತ್ತೇವೆ. ಹುಡುಗ ನಿಂತಲ್ಲೇ ನಿಂತ. "ಅಜ್ಜಾರ! ಅರ್ಧಾ ರೊಟ್ಟ್ಯಾಗ ಚತಕೋರ ಎಷ್ಟ ಅದಾವು ಅಂತ ಕೇಳಿದ್ರ ಎರಡ ಅಲ್ಲೇನ್ರಿ? ಲೆಕ್ಕದಾಗ ಅದನ್ನ ಕೇಳ್ಯಾರ!" ಎಂದ. ನಮಗೆ ಅದು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಮತ್ತೆ ಪುಸ್ತಕಕ್ಕೆ ಬಂದು ಮುಕ್ಕಾಲನ್ನು ಎಂಟನೆಯ ಒಂದರಿಂದ ಭಾಗಿಸಿ ನೋಡಿದ. ಮುಕ್ಕಾಲು ರೊಟ್ಟಿಯಲ್ಲಿ ಎಂಟನೆಯ ಒಂದರ ತುಂಡುಗಳು ಆರು. ತಲೆಕೆಳಗು ಮಾಡಿ ಗುಣಿಸಿದರೂ ಆರು. ಆಗ ನಮಗೆ ನೆನಪಾಯಿತು, ಇದೇ ರೀತಿಯನ್ನು ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಹೇಳಿದ್ದಾರೆ. ಅದು 1150ರ ಸುಮಾರಿನ ಗ್ರಂಥ, ಬಸವಣ್ಣನವರ ಕಾಲದ್ದೇ. ಭಾಜಕದ ಅಂಶ ಛೇದಗಳನ್ನು ಅದಲುಬದಲು ಮಾಡಿ ಗುಣಿಸಬೇಕೆಂದು ಅಲ್ಲಿದೆ. "ನಿನ್ನ ತಲೆ ತಿಂದದ್ದು ಎಂಟುನೂರು ವರ್ಷಕ್ಕೂ ಹಳೆಯದು" ಎಂದರೆ ಹುಡುಗ ನಕ್ಕ. ಎರಡು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಸಂಜೆಯ ಪ್ರಾರ್ಥನೆಯಲ್ಲಿ ಅದೇ ಎಂಬತ್ತು ಹುಡುಗರ ಎದುರು "ನಿನ್ನೆ ನಾವು ಆಡಿದ ಮಾತು ತಪ್ಪು" ಎಂದು ಹೇಳಿದೆವು. ನೂಕಿಸಿಕೊಂಡ ಹುಡುಗನ ಹತ್ತಿರ ಇವನೂ ಹೋಗಿ ತಪ್ಪಾಯಿತೆಂದು ಹೇಳಿದ. ಹರಿದ ನೋಟಬುಕ್ಕನ್ನು ಅಂಟು ಹಚ್ಚಿ ತಾನೇ ಕೂಡಿಸಬೇಕು ಎಂದೆವು, ಕೂಡಿಸಿದ. ಸಿಟ್ಟು ಬರುವುದು ಬೇರೆ, ಅದರಿಂದ ಇನ್ನೊಬ್ಬರ ಮೊಣಕಾಲು ಒಡೆಯುವುದು ಬೇರೆ. ಮೊದಲನೆಯದಕ್ಕೆ ಶಿಕ್ಷೆ ಇಲ್ಲ. ಎರಡನೆಯದನ್ನು ಸರಿಮಾಡಲೇಬೇಕು. ಇವೆರಡನ್ನೂ ಒಂದೇ ಗಂಟಿಗೆ ಹಾಕಿ ಬಡಿಯುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ.

ಆ ಮೇಲೆ ಮಾಘಮಾಸದಲ್ಲಿ ಭಕ್ತರೊಬ್ಬರ ಗೃಹಪ್ರವೇಶಕ್ಕೆ ಖಾನಾಪುರಕ್ಕೆ ಹೋಗಬೇಕಾಯಿತು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರದ ಮಗ್ಗುಲಲ್ಲಿ ಹರಿದು, ಮುಂದೆ ಕೂಡಲಸಂಗಮಕ್ಕೆ ಹೋಗಿ ಕೃಷ್ಣೆಯನ್ನು ಸೇರುತ್ತಾಳೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಮಗೆ ಸಂಗಮವೇ ನೆನಪಾಗುತ್ತದೆ. ಆ ಭಾಗದ ಮಣ್ಣು ಹೆಂಚಿಗೆ, ಇಟ್ಟಂಗಿಗೆ, ಗಡಿಗೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯನ್ನು ಖಾನಾಪುರದಲ್ಲಿಯೇ ಮಾಡಿದ್ದಾರೆ. ಹುಡುಗನ ತಂದೆ ಕೆಲಸ ಮಾಡುವ ಭಟ್ಟಿ ದಾರಿಗೆ ಹತ್ತಿರ ಎಂದು ತಿಳಿದು ಕಾರು ನಿಲ್ಲಿಸಿ ಇಳಿದೆವು.

ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾವು ಕನ್ನಡದಲ್ಲಿ ಹೇಳುತ್ತೇವೆ. ಮಗ ಓಡಿಹೋದ ಸುದ್ದಿ ಅವರಿಗೆ ಆಗಲೇ ತಿಳಿದಿತ್ತು. ತಮ್ಮ ಮಗನಿಗೆ ಈ ಸಿಡುಕು ಎಲ್ಲಿಂದ ಬಂತೋ ತಿಳಿಯದು, ಮನೆಯಲ್ಲಿ ಯಾರಿಗೂ ಇಲ್ಲ ಎಂದರು. ಮಾತಿಗೆ ಮಾತು ಬಂದು ಹಿಂದಿನ ವರ್ಷದ ಸಂಗತಿ ಹೇಳಿದರು. ಆ ವರ್ಷ ಧೈರ್ಯ ಮಾಡಿ, ಸಾಲ ಎತ್ತಿ, ಸ್ವಂತಕ್ಕೆಂದು ಹಸಿ ಇಟ್ಟಂಗಿ ಹೊಡೆದು ಒಣಗಲು ಹಾಕಿದ್ದರಂತೆ. ಭಟ್ಟಿಗೆ ಏರಿಸಲು ಎರಡು ದಿನ ಇದ್ದಾಗ ಅಡ್ಡಮಳೆ ಬಂದು ಒಂದು ರಾತ್ರಿಯಲ್ಲಿ ಎಲ್ಲ ಕರಗಿ ಮಣ್ಣಾಯಿತು. "ಆಮೇಲೆ ಏನು ಮಾಡಿದಿರಿ?" ಎಂದು ಕೇಳಿದೆವು. "ಏನು ಮಾಡೋದು ಅಜ್ಜಾರ! ಒಂದು ದಿನ ಉಣ್ಣದೆ ಮಲಗಿಬಿಟ್ಟೆ. ಮರುದಿನ ಅದೇ ಮಣ್ಣನ್ನು ಕೂಡಿಹಾಕಿ ಮತ್ತೆ ತುಳಿದೆ. ಸುಟ್ಟ ಇಟ್ಟಂಗಿ ಒಡೆದರೆ ಹೋಯಿತು. ಹಸಿಯದು ಕರಗಿದರೆ ಮತ್ತೆ ಹೊಡೆಯಬಹುದು" ಎಂದರು.

"ಇದನ್ನು ಮಗನಿಗೆ ಹೇಳಿದ್ದೀರೇನು?" ಎಂದೆವು. ಅವರು ಗಾಬರಿಯಾದರು. ಮಗ ರಜೆಗೆ ಬಂದಾಗ ಹೊಸ ಅಂಗಿ ಕೊಡಿಸಿ, ಎಲ್ಲ ಚೆನ್ನಾಗಿದೆ ಎಂದು ಹೇಳಿ ಕಳುಹಿಸಿದ್ದರಂತೆ. ಮಕ್ಕಳ ಮುಂದೆ ಇಂಥದ್ದನ್ನೆಲ್ಲ ಹೇಳಬಾರದು, ಅವರ ಅಭ್ಯಾಸ ಕೆಡುತ್ತದೆ ಎಂಬುದು ಅವರ ವಿಚಾರ.

ತಾಯಂದಿರೆ, ತಂದೆಗಳೆ, ಇದನ್ನು ನಾವು ಬಹಳ ದಿನ ವಿಚಾರ ಮಾಡಿದ್ದೇವೆ. ಎಷ್ಟು ಮನೆಗಳಲ್ಲಿ ಹೀಗೆಯೇ ಇಲ್ಲ? ತಂದೆಯ ವ್ಯಾಪಾರ ಮುರಿದಿರುತ್ತದೆ, ತಾಯಿಯ ಹೊಲಿಗೆ ಮೂರು ಸಲ ಬಿಚ್ಚಿ ಮತ್ತೆ ಹಾಕಿದ್ದಾಗಿರುತ್ತದೆ. ಮಕ್ಕಳಿಗೆ ತೋರಿಸುವುದು ಸಿದ್ಧವಾದ ಕುಪ್ಪಸ ಮಾತ್ರ. ದೊಡ್ಡವರಿಗೆ ಎಲ್ಲವೂ ಮೊದಲ ಸಲಕ್ಕೇ ಬರುತ್ತದೆ, ತನಗೊಬ್ಬನಿಗೇ ಬರುವುದಿಲ್ಲ ಎಂದು ಮಗು ತಿಳಿಯುತ್ತದೆ. ಎಡವಿದ ಮೇಲೆ ಏಳುವುದು ಹೇಗೆ ಎಂಬುದನ್ನು ಅದು ಎಲ್ಲಿ ನೋಡಬೇಕು? ಸಾಲದ ಲೆಕ್ಕವನ್ನೆಲ್ಲ ಹನ್ನೆರಡು ವರ್ಷದ ಮಗುವಿನ ತಲೆಯ ಮೇಲೆ ಹೊರಿಸಿರಿ ಎಂದು ನಾವು ಹೇಳುವುದಿಲ್ಲ. ಮಣ್ಣು ಕರಗಿತ್ತು, ಒಂದು ದಿನ ಮಲಗಿದ್ದೆ, ಮತ್ತೆ ತುಳಿದೆ ಎಂಬ ಮೂರು ಮಾತು ಸಾಕು.

ದೊಡ್ಡವರ ಚರಿತ್ರೆ ಹೇಳುವಾಗಲೂ ನಾವು ಇದೇ ತಪ್ಪು ಮಾಡುತ್ತೇವೆ. ನಮ್ಮ ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ಹತ್ತು ಹನ್ನೊಂದನೆಯ ವಯಸ್ಸಿಗೇ ದೊಡ್ಡ ಸಭೆಗಳಲ್ಲಿ ಹಾಡಿ ಕುಮಾರ ಗಂಧರ್ವ ಎನಿಸಿಕೊಂಡ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಮುಂದೆ ಕ್ಷಯರೋಗ ತಗುಲಿ, ಹಾಡಬಾರದೆಂದು ವೈದ್ಯರು ತಡೆದು, ಅವರು ದೇವಾಸದಲ್ಲಿ ಸುಮಾರು ಐದು ವರ್ಷ ಹಾಸಿಗೆ ಹಿಡಿದದ್ದನ್ನು ಹೇಳುವುದಿಲ್ಲ. ಹಾಡುವುದೇ ಬದುಕಾದವನಿಗೆ ಹಾಡಬೇಡ ಎಂದರೆ ಹೇಗಿರಬೇಕು! ಮಗ್ಗುಲಲ್ಲಿ ಪತ್ನಿ ಭಾನುಮತಿ ಇದ್ದರು, ಆರೈಕೆ ಮಾಡಿದರು. ಮಲಗಿದಲ್ಲಿಯೇ ಅವರು ಮಾಳವದ ಹಳ್ಳಿಯ ಹಾಡುಗಳನ್ನು ಕೇಳುತ್ತಿದ್ದರು. ಸ್ಟ್ರೆಪ್ಟೊಮೈಸಿನ್ ಎಂಬ ಔಷಧದಿಂದ ಗುಣವಾಗಿ ಮತ್ತೆ ಹಾಡಲು ಕೂತಾಗ ಒಂದು ಶ್ವಾಸಕೋಶ ಮೊದಲಿನಂತೆ ಇರಲಿಲ್ಲ. ಉದ್ದ ಉಸಿರು ಸಾಲದು; ಆದ್ದರಿಂದ ಸಣ್ಣ ಸಣ್ಣ ತುಂಡುಗಳಲ್ಲಿ ಹಾಡುವ ತಮ್ಮದೇ ರೀತಿಯನ್ನು ಕಂಡುಕೊಂಡರು. ಪ್ರಸಾದನಿಲಯದ ಹುಡುಗರಿಗೆ ಈಗ ನಾವು ಈ ಭಾಗವನ್ನೇ ಹೆಚ್ಚು ಹೇಳುತ್ತೇವೆ. ಬಾಲಕನಿದ್ದಾಗಿನ ಚಪ್ಪಾಳೆಯ ಭಾಗ ಅವರಿಗೆ ಹೇಗಿದ್ದರೂ ಗೊತ್ತಾಗುತ್ತದೆ.

ಹೊಗಳಿಕೆಯ ಬಗ್ಗೆಯೂ ಒಂದು ಮಾತು. 1998ರಲ್ಲಿ ಅಮೇರಿಕೆಯ ಕ್ಲಾಡಿಯಾ ಮ್ಯೂಲರ್, ಕೆರೊಲ್ ಡ್ವೆಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಐದನೆಯ ಇಯತ್ತೆಯ ಮಕ್ಕಳನ್ನು ಪರೀಕ್ಷಿಸಿ ಬರೆದದ್ದನ್ನು ನಮಗೆ ಒಬ್ಬ ಪ್ರಾಧ್ಯಾಪಕ ಭಕ್ತರು ತಿಳಿಸಿಕೊಟ್ಟರು. ಮಕ್ಕಳಿಗೆ ಮೊದಲು ಬರುವಂಥ ಸಮಸ್ಯೆ ಕೊಟ್ಟು, ಕೆಲವರಿಗೆ "ನೀನು ಬಹಳ ಜಾಣ" ಎಂದರಂತೆ. ಕೆಲವರಿಗೆ "ನೀನು ಚೆನ್ನಾಗಿ ಪ್ರಯತ್ನಪಟ್ಟೆ" ಎಂದರಂತೆ. ಆಮೇಲೆ ಕಠಿಣವಾದದ್ದನ್ನು ಕೊಟ್ಟಾಗ ಎಲ್ಲರೂ ಎಡವಿದರು. ಜಾಣ ಎನಿಸಿಕೊಂಡವರು ಬೇಗ ಬೇಸರಪಟ್ಟರು, ಮುಂದೆ ಸುಲಭದ್ದನ್ನು ಕೊಟ್ಟಾಗಲೂ ಹಿಂದೆ ಬಿದ್ದರು. ಪ್ರಯತ್ನಕ್ಕೆ ಹೊಗಳಿಸಿಕೊಂಡವರು ಕೈಬಿಡಲಿಲ್ಲ. ನಮ್ಮ ಹುಡುಗನಿಗೆ ವಚನದ ಬಹುಮಾನ ಬಂದಾಗ ಜಾಣ, ಜಾಣ ಎಂದು ನಾವು ವಾರವಿಡೀ ಹೇಳಿದ್ದೆವು. ಜಾಣ ಎನಿಸಿಕೊಂಡವನು ಲೆಕ್ಕ ಬಾರದಾಗ ಎಲ್ಲಿ ಮುಖ ಇಡಬೇಕು?

ಮಗು ಸಿಡುಕಿತೆಂದು ಮೊಬೈಲು ಕೈಗೆ ಕೊಟ್ಟು ಸುಮ್ಮನಾಗಿಸುವವರೂ ಇದ್ದಾರೆ, ತಾವೇ ಲೆಕ್ಕ ಬಿಡಿಸಿ ಬರೆದುಕೊಡುವವರೂ ಇದ್ದಾರೆ. ಅವರಿಗೂ ಪ್ರೀತಿಯೇ, ಬೇರೇನಲ್ಲ. ಆದರೆ ಸೋತ ಜಾಗದಿಂದ ತಾನೇ ಎದ್ದು ಬಂದೆ ಎಂಬ ಸಂತೋಷ ಮಗುವಿಗೆ ಸಿಗದೆ ಹೋಗುತ್ತದೆ. ಬದಿಯಲ್ಲಿ ಕೂಡ್ರಿರಿ, ಕೈಗೆ ಒಂದು ಕೆಲಸ ಇಟ್ಟುಕೊಳ್ಳಿರಿ, ಸೊಪ್ಪು ಸೋಸಿರಿ, ಶೇಂಗಾ ಸುಲಿಯಿರಿ. ಮಗುವಿನ ಬಿಸಿ ಇಳಿಯುವ ತನಕ ಉಪದೇಶ ಬೇಡ. 'ಎಲ್ಲಿಯ ತನಕ ತಿಳಿದಿದೆ?' ಎಂದು ಅದರ ಮನೆಮಾತಿನಲ್ಲಿಯೇ ಕೇಳಿರಿ.

ಇಷ್ಟೆಲ್ಲ ಮಾಡಿದರೂ ಕೆಲವು ಮಕ್ಕಳ ಕಷ್ಟ ಇಳಿಯುವುದಿಲ್ಲ. ವಾರಗಟ್ಟಲೆ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ತನ್ನ ದೇಹಕ್ಕೆ ತಾನೇ ನೋವು ಮಾಡಿಕೊಂಡರೆ, ಬದುಕು ಬೇಡ ಎಂಬ ಮಾತು ಬಾಯಿಗೆ ಬಂದರೆ ತಾಯತ ಕಟ್ಟಿ ಕಾಯುತ್ತ ಕೂಡ್ರಬೇಡಿರಿ, ನಮ್ಮ ಆಶೀರ್ವಾದಕ್ಕೂ ಕಾಯಬೇಡಿರಿ. ತಡಮಾಡದೆ ವೈದ್ಯರಿಗೆ ತೋರಿಸಿರಿ. 2022ರಿಂದ ಸರಕಾರದವರು ಟೆಲಿ ಮಾನಸ್ ಎಂಬ ಸೇವೆ ನಡೆಸುತ್ತಿದ್ದಾರೆ. 14416ಕ್ಕೆ ಫೋನು ಮಾಡಿದರೆ ಹಣ ಕೊಡದೆ ಮನಸ್ಸಿನ ಕಷ್ಟ ಹೇಳಿಕೊಳ್ಳಬಹುದು, ಕನ್ನಡದಲ್ಲಿಯೂ ಮಾತಾಡುತ್ತಾರೆ. ಅಕ್ಷರ ಒಡೆದು ಓದಲಾಗದ ತೊಂದರೆ, ಕಣ್ಣಿನ ಕಿವಿಯ ತೊಂದರೆ ಇದ್ದೂ ಸಿಡುಕುವ ಮಕ್ಕಳಿದ್ದಾರೆ. ಕರಿಹಲಗೆ ಕಾಣದ ಹುಡುಗನನ್ನು ನಾವೇ ಒಂದು ವರ್ಷ ಸೋಮಾರಿ ಎಂದು ಕರೆದದ್ದುಂಟು. ಚಷ್ಮಾ ಹಾಕಿಸಿದ ಮೇಲೆ ತಿಳಿಯಿತು.

ಆ ಖಾನಾಪುರದ ಹುಡುಗ ಈಗ ಒಂಬತ್ತನೆಯ ಇಯತ್ತೆಯಲ್ಲಿದ್ದಾನೆ. ಸಿಡುಕು ಪೂರ್ತಿ ಹೋಗಿಲ್ಲ. ಹೋದ ತಿಂಗಳು ಇಂಗ್ಲೀಷಿನ ಏನೋ ಒಂದು ಬಾರದೆ ಅಳತೆಪಟ್ಟಿಯನ್ನು ಮುರಿದಿದ್ದಾನೆ. ಆದರೆ ಈಗ ಎದ್ದು ದಾಸೋಹದ ಮನೆಯ ಕಡೆ ಒಂದು ಸುತ್ತು ಹೋಗಿ ಬರುತ್ತಾನೆ, ಬಂದು ಮತ್ತೆ ಕೂಡ್ರುತ್ತಾನೆ. ಮೊನ್ನೆ ರಾತ್ರಿ ನಾವು ಪಡಸಾಲೆಯಲ್ಲಿ ಹಾಯ್ದುಹೋಗುವಾಗ ಆರನೆಯ ಇಯತ್ತೆಯ ಒಂದು ಮಗು ಪಾಟಿಗೆ ತಲೆ ಇಟ್ಟು ಅಳುತ್ತಿತ್ತು. ಇವನು ಬದಿಯಲ್ಲಿ ಕೂತು ತನ್ನ ಪುಸ್ತಕ ಓದುತ್ತಿದ್ದ. ನಮ್ಮನ್ನು ಕಂಡು ಏಳಲು ಹೋದವನನ್ನು ಕೂಡ್ರೆಂದು ಸನ್ನೆ ಮಾಡಿ ಮುಂದೆ ಹೋದೆವು. ಹಿಂದಿನಿಂದ ಅವನ ಮಾತು ಕೇಳಿತು: "ಹೋಗು, ಮಾರಿ ತೊಳಕೊಂಡ ಬಾ. ನಾ ಇಲ್ಲೇ ಇರ್ತೇನಿ."

ತಾಯತ ಕೇಳಿದ ತಾಯಿ ಇಂದು ಬಂದಿದ್ದರೆ ಪ್ರಸಾದವಾದ ಮೇಲೆ ಹೋಗಿಬಿಡಬೇಡಿರಿ. ಮಗನನ್ನು ಕರೆದುಕೊಂಡು ನಮ್ಮ ಕೋಣೆಗೆ ಬನ್ನಿರಿ. ಅವನು ಎಸೆದ ಪುಸ್ತಕವನ್ನೂ ತರಲಿ. ಇಂದು ತರದಿದ್ದರೆ ರವಿವಾರ ಬನ್ನಿರಿ, ನಮಗೆ ಬೆಳಿಗ್ಗೆ ಪುರಸೊತ್ತು ಇರುತ್ತದೆ.